ಸೇವಾ ಸಂಸ್ಥೆಗಳಲ್ಲಿ ಗುಣಮಟ್ಟ: ನೌಕರರ ಬದ್ಧತೆಯ ಬೇರುಗಳು

ಕಾರ್ಖಾನೆಯಲ್ಲಿ ತಯಾರಾದ ಸಾಬೂನಿನಲ್ಲಿ ದೋಷವಿದ್ದರೆ ಅದನ್ನು ಅಂಗಡಿಗೆ ಕಳುಹಿಸುವ ಮುನ್ನವೇ ಬೇರ್ಪಡಿಸಬಹುದು. ಬಸ್ಸಿನ ನಿರ್ವಾಹಕರು ಪ್ರಯಾಣಿಕರೊಡನೆ ಆಡುವ ಮಾತಿಗೆ ಅಂತಹ ಮುನ್ನ ತಪಾಸಣೆ ಸಾಧ್ಯವಿಲ್ಲ. ಸೇವೆಯು ತಯಾರಾಗುವುದೂ ಬಳಕೆಯಾಗುವುದೂ ಒಂದೇ ಗಳಿಗೆಯಲ್ಲಿ. ಅದನ್ನು ದಾಸ್ತಾನು ಮಾಡಲಾಗದು, ಹಿಂದಕ್ಕೆ ಪಡೆಯಲಾಗದು. ಟಿಕೆಟಿನ ಬೆನ್ನಿನ ಮೇಲೆ ಬರೆದುಕೊಟ್ಟ ಚಿಲ್ಲರೆ ಬಾಕಿಯನ್ನು ಇಳಿಯುವ ಮುನ್ನ ನೆನಪಿಟ್ಟು ಕೊಡುವುದು ಅಥವಾ ಮರೆತಂತೆ ಸುಮ್ಮನಿರುವುದು ನಿರ್ವಾಹಕರೊಬ್ಬರ ಕೈಯಲ್ಲಿದೆ. ಆ ಕ್ಷಣದಲ್ಲಿ ಪ್ರಯಾಣಿಕರ ಪಾಲಿಗೆ ಸಾರಿಗೆ ಸಂಸ್ಥೆ ಎಂದರೆ ಆ ನಿರ್ವಾಹಕರೇ ಹೊರತು ಕೇಂದ್ರ ಕಚೇರಿಯಲ್ಲಿ ಕುಳಿತ ವ್ಯವಸ್ಥಾಪಕ ನಿರ್ದೇಶಕರಲ್ಲ.

ಸೇವಾ ಸಂಸ್ಥೆಗಳ ಮೂಲಭೂತ ವಿಪರ್ಯಾಸವೂ ಇಲ್ಲೇ ಇದೆ. ಗುಣಮಟ್ಟದ ಭರವಸೆ ನೀಡುವವರು ಮೇಲಿರುತ್ತಾರೆ. ಅದನ್ನು ಉಳಿಸಿಕೊಡಬೇಕಾದವರು ಕೆಳಗಿನ ಮೆಟ್ಟಿಲಿನಲ್ಲಿ, ಸಾಮಾನ್ಯವಾಗಿ ಅತಿ ಕಡಿಮೆ ಸಂಬಳಕ್ಕೆ ನಿಂತಿರುತ್ತಾರೆ. ಭಾರತದ ಒಟ್ಟು ಉತ್ಪನ್ನದ ಅರ್ಧಕ್ಕಿಂತ ಹೆಚ್ಚು ಪಾಲು ಸೇವಾ ವಲಯದಿಂದ ಬರುತ್ತದೆ. ಕರ್ನಾಟಕದಲ್ಲಿ ಈ ಪಾಲು ಸುಮಾರು ಮೂರನೇ ಎರಡರಷ್ಟಿದೆ. ಆದುದರಿಂದ ಬ್ಯಾಂಕು, ಆಸ್ಪತ್ರೆ, ಹೋಟೆಲು, ತಾಲ್ಲೂಕು ಕಚೇರಿಗಳ ನೌಕರರು ತಮ್ಮ ಕೆಲಸದ ಗುಣಮಟ್ಟಕ್ಕೆ ಎಷ್ಟರಮಟ್ಟಿಗೆ ಬದ್ಧರಾಗಿದ್ದಾರೆ, ಆ ಬದ್ಧತೆ ಹುಟ್ಟುವುದು ಹೇಗೆ, ಬತ್ತುವುದು ಹೇಗೆ ಎಂಬುದು ನಿರ್ವಹಣಾಶಾಸ್ತ್ರದ ಪಾಠವಷ್ಟೇ ಆಗಿ ಉಳಿದಿಲ್ಲ.

ಬದ್ಧತೆ ಎಂದರೇನು?

ಕೆನಡಾದ ಮನಶ್ಶಾಸ್ತ್ರಜ್ಞರಾದ ಜಾನ್ ಮೇಯರ್ ಮತ್ತು ನಟಾಲಿ ಅಲೆನ್ 1991ರಲ್ಲಿ ನೌಕರರ ಬದ್ಧತೆಯನ್ನು ಮೂರು ಬಗೆಯಾಗಿ ವಿಂಗಡಿಸಿದರು. ಸಂಸ್ಥೆಯ ಮೇಲಿನ ಪ್ರೀತಿಯಿಂದ ಉಳಿಯುವುದು ಮೊದಲನೆಯದು. ಬಿಟ್ಟರೆ ನಷ್ಟವಾದೀತೆಂಬ ಲೆಕ್ಕಾಚಾರದಿಂದ ಉಳಿಯುವುದು ಎರಡನೆಯದು. ಉಳಿಯುವುದು ತನ್ನ ಕರ್ತವ್ಯವೆಂಬ ಭಾವನೆಯಿಂದ ಉಳಿಯುವುದು ಮೂರನೆಯದು. ಈ ಮೂರೂ ಒಬ್ಬರಲ್ಲೇ ಬೇರೆ ಬೇರೆ ಪ್ರಮಾಣದಲ್ಲಿ ಬೆರೆತಿರಬಹುದು. ಎರಡನೆಯ ಬಗೆಯೇ ಮೇಲುಗೈ ಪಡೆದಲ್ಲಿ ಹಾಜರಿ ಪುಸ್ತಕ ತುಂಬಿರುತ್ತದೆ, ಕೆಲಸ ಮಾತ್ರ ನಿಯಮಕ್ಕೆ ತಕ್ಕಷ್ಟೇ ನಡೆಯುತ್ತದೆ.

ಈ ವಿಂಗಡಣೆಗೆ ಒಂದು ಮಾತನ್ನು ಸೇರಿಸಬೇಕಾಗುತ್ತದೆ. ಸಂಸ್ಥೆಗೆ ಬದ್ಧತೆ ಬೇರೆ, ಸೇವೆಯ ಗುಣಮಟ್ಟಕ್ಕೆ ಬದ್ಧತೆ ಬೇರೆ. ಬ್ಯಾಂಕಿಗೆ ನಿಷ್ಠರಾದ ಅಧಿಕಾರಿಯೊಬ್ಬರು ಗುರಿ ಮುಟ್ಟಿಸುವ ಭರದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿಗೆ ಅವರಿಗೆ ಬೇಡವಾದ ವಿಮಾ ಪಾಲಿಸಿಯನ್ನು ಮಾರಬಹುದು. ಸಂಸ್ಥೆಯ ದೃಷ್ಟಿಯಲ್ಲಿ ಅವರು ಮಾದರಿ ನೌಕರರು, ಆ ಶಿಕ್ಷಕಿಯ ದೃಷ್ಟಿಯಲ್ಲಿ ಅಲ್ಲ. ಎರಡು ನಿಷ್ಠೆಗಳು ಒಂದೇ ದಾರಿಯಲ್ಲಿ ಸಾಗುವಂತೆ ನೋಡಿಕೊಳ್ಳುವುದು ಆಡಳಿತದ ಹೊಣೆ. ಅದನ್ನು ನೌಕರರ ಸ್ವಭಾವಕ್ಕೆ ಬಿಟ್ಟು ಕೈತೊಳೆದುಕೊಳ್ಳುವುದು ಹೆಚ್ಚಿನ ಸಂಸ್ಥೆಗಳ ರೂಢಿ.

ಮುಗುಳ್ನಗೆಯನ್ನೇ ಬದ್ಧತೆಯೆಂದು ತಿಳಿಯುವುದೂ ತಪ್ಪು. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿಮಾನದ ಗಗನಸಖಿಯರನ್ನೂ ಸಾಲ ವಸೂಲಿ ಮಾಡುವವರನ್ನೂ ಅಭ್ಯಸಿಸಿ, ಸಂಬಳಕ್ಕಾಗಿ ಭಾವನೆಯನ್ನು ತಿದ್ದಿಕೊಳ್ಳುವ ಕೆಲಸಕ್ಕೆ ‘ಭಾವಶ್ರಮ’ ಎಂಬರ್ಥದ ಹೆಸರು ಕೊಟ್ಟರು. ಒಬ್ಬರು ನಗಬೇಕು, ಮತ್ತೊಬ್ಬರು ಗದರಬೇಕು. ಇಬ್ಬರೂ ತಮ್ಮದಲ್ಲದ ಭಾವವನ್ನು ದಿನವಿಡೀ ಹೊರಬೇಕು. ಬೆಂಗಳೂರಿನ ಕಾಲ್ ಸೆಂಟರುಗಳಲ್ಲಿ ರಾತ್ರಿಯಿಡೀ ದೂರದ ದೇಶದವರ ಬೈಗುಳ ಕೇಳಿ ‘ಕ್ಷಮಿಸಿ’ ಎಂದು ಹೇಳಿದ ಯುವಜನರಿಗೆ ಈ ಶ್ರಮದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಳತೆಗೋಲು

ಸೇವೆಯ ಗುಣಮಟ್ಟವನ್ನು ಅಳೆಯುವ ಪ್ರಯತ್ನಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ಎ. ಪರಶುರಾಮನ್, ವಲೇರಿ ಝೈತಾಮ್ಲ್ ಹಾಗೂ ಲಿಯೊನಾರ್ಡ್ ಬೆರಿ ಅವರದು. 1985ರಲ್ಲಿ ಇವರು ಗ್ರಾಹಕರ ನಿರೀಕ್ಷೆಗೂ ಅವರಿಗೆ ದೊರೆತ ಸೇವೆಗೂ ನಡುವಿನ ಅಂತರವನ್ನು ಗುಣಮಟ್ಟದ ಮಾನದಂಡವಾಗಿ ಮುಂದಿಟ್ಟರು. 1988ರಲ್ಲಿ ಸರ್ವ್‌ಕ್ವಾಲ್ ಎಂಬ ಪ್ರಶ್ನಾವಳಿಯನ್ನು ರೂಪಿಸಿದರು. ಅದರಲ್ಲಿ ಐದು ಅಂಶಗಳಿವೆ: ಕಣ್ಣಿಗೆ ಕಾಣುವ ಸೌಕರ್ಯ, ನಂಬಿಕೆಗೆ ಅರ್ಹವಾದ ಕೆಲಸ, ತಡಮಾಡದ ಸ್ಪಂದನೆ, ಭರವಸೆ ಹುಟ್ಟಿಸುವ ತಿಳಿವಳಿಕೆ ಮತ್ತು ಗ್ರಾಹಕರ ಬಗ್ಗೆ ಕಾಳಜಿ. ಈ ಐದರಲ್ಲಿ ಹಣ ಖರ್ಚು ಮಾಡಿದೊಡನೆ ದೊರೆಯುವುದು ಮೊದಲನೆಯದು ಮಾತ್ರ. ಹವಾನಿಯಂತ್ರಿತ ಕೊಠಡಿ, ಹೊಳೆಯುವ ನೆಲ, ಟೋಕನ್ ಯಂತ್ರಗಳನ್ನು ಕೊಳ್ಳಬಹುದು. ಉಳಿದ ನಾಲ್ಕೂ ಬಹುಮಟ್ಟಿಗೆ ಕೌಂಟರಿನ ಹಿಂದೆ ಕುಳಿತವರಿಂದಲೇ ಬರಬೇಕು.

ಇದೇ ವಿದ್ವಾಂಸರು ನಿಗದಿಪಡಿಸಿದ ಮಟ್ಟಕ್ಕೂ ವಾಸ್ತವವಾಗಿ ನೀಡಿದ ಸೇವೆಗೂ ನಡುವಣ ಅಂತರವನ್ನು ಪ್ರತ್ಯೇಕವಾಗಿ ಗುರುತಿಸಿದರು. ನೌಕರರಿಗೆ ಮನಸ್ಸಿಲ್ಲದಿರುವುದು ಈ ಅಂತರಕ್ಕೆ ಒಂದು ಕಾರಣ, ಅವರಿಂದ ಸಾಧ್ಯವಾಗದಿರುವುದು ಇನ್ನೊಂದು. ಗ್ರಾಹಕರ ಕಣ್ಣಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ನಲವತ್ತು ಹಾಸಿಗೆಗಳ ವಾರ್ಡಿಗೆ ರಾತ್ರಿ ಪಾಳಿಯಲ್ಲಿ ಒಬ್ಬರೇ ದಾದಿ ಇದ್ದಲ್ಲಿ, ಕರೆದಾಗ ಬಾರದ ಅವರನ್ನು ರೋಗಿಯ ಕಡೆಯವರು ‘ಕರುಣೆಯಿಲ್ಲದವರು’ ಎನ್ನುತ್ತಾರೆ. ಆದರೆ ಆ ರಾತ್ರಿ ಅಲ್ಲಿ ಕೊರತೆಯಾದದ್ದು ಕರುಣೆಯಲ್ಲ, ದಾದಿಯರ ಸಂಖ್ಯೆ.

ಬೆಂಜಮಿನ್ ಶ್ನೈಡರ್ ಮತ್ತು ಸಂಗಡಿಗರು 1980ರಲ್ಲಿ ಅಮೆರಿಕದ ಬ್ಯಾಂಕ್ ಶಾಖೆಗಳಲ್ಲಿ ನಡೆಸಿದ ಅಧ್ಯಯನವು ಇನ್ನೊಂದು ಕುತೂಹಲದ ಸಂಗತಿಯನ್ನು ತೋರಿಸಿತು. ಶಾಖೆಯಲ್ಲಿ ಸೇವೆಗೆ ಬೆಲೆಯಿದೆಯೆಂದು ನೌಕರರು ಭಾವಿಸಿದ್ದಲ್ಲಿ ಗ್ರಾಹಕರೂ ಸೇವೆ ಚೆನ್ನಾಗಿದೆ ಎಂದಿದ್ದರು. ನೌಕರರು ಬೇಸತ್ತಿದ್ದಲ್ಲಿ ಗ್ರಾಹಕರಿಗೂ ಅದರ ಬಿಸಿ ತಟ್ಟಿತ್ತು. ಗೋಡೆಯ ಒಳಗಿನ ಹವೆ ಹೊರಗಿನವರಿಗೂ ತಿಳಿಯುತ್ತದೆಂದಾಯಿತು. ಗ್ರಾಹಕರ ಸಮೀಕ್ಷೆಗೆ ದುಡ್ಡು ಸುರಿಯುವ ಸಂಸ್ಥೆಗಳು ಮೊದಲು ತಮ್ಮ ಗುಮಾಸ್ತರನ್ನು ಕೇಳಿದರೆ ಉತ್ತರದ ಹೆಚ್ಚಿನ ಭಾಗ ಕಡಿಮೆ ಖರ್ಚಿನಲ್ಲಿ ದೊರೆತೀತು.

ಗೋಡೆಯ ಮೇಲಿನ ಘೋಷಣೆ

ಗುಣಮಟ್ಟದ ಚಳವಳಿಯ ಹಿರಿಯರಲ್ಲೊಬ್ಬರಾದ ಎಡ್ವರ್ಡ್ಸ್ ಡೆಮಿಂಗ್ ಅವರು 1986ರ ತಮ್ಮ ಗ್ರಂಥದಲ್ಲಿ ದೋಷಗಳ ಪೈಕಿ ನೂರಕ್ಕೆ 94ರಷ್ಟು ವ್ಯವಸ್ಥೆಗೆ ಸೇರಿದವು, ಅವುಗಳ ಹೊಣೆ ಆಡಳಿತದ್ದು ಎಂದು ಅಂದಾಜಿಸಿದ್ದರು. ಕೆಲಸಗಾರರನ್ನು ಹುರಿದುಂಬಿಸುವ ಘೋಷಣಾ ಫಲಕಗಳನ್ನು ತೆಗೆದುಹಾಕಬೇಕೆಂಬುದು ಅವರ 14 ಸೂತ್ರಗಳಲ್ಲಿ ಒಂದು. ತನ್ನ ಕೈಯಲ್ಲಿಲ್ಲದ ದೋಷವನ್ನು ತಾನೇ ಸರಿಪಡಿಸಬೇಕೆಂದು ಫಲಕವು ದಿನವೂ ಹೇಳುತ್ತಿದ್ದರೆ ಕೆಲಸಗಾರನಲ್ಲಿ ಹುಟ್ಟುವುದು ಉತ್ಸಾಹವಲ್ಲ, ಕಹಿ.

ಭಾರತದ ಬ್ಯಾಂಕು, ಅಂಚೆ ಕಚೇರಿಗಳಲ್ಲಿ ಈ ಮಾತಿಗೆ ಸೊಗಸಾದ ನಿದರ್ಶನವಿದೆ. ಗ್ರಾಹಕರೇ ನಮ್ಮ ಆವರಣದ ಅತಿ ಮುಖ್ಯ ಅತಿಥಿ ಎಂಬ ಧಾಟಿಯ ಬರಹವೊಂದು ಮಹಾತ್ಮ ಗಾಂಧೀಜಿಯವರ ಚಿತ್ರದೊಂದಿಗೆ ಅಸಂಖ್ಯ ಗೋಡೆಗಳನ್ನು ಅಲಂಕರಿಸಿದೆ. ಅದು ಗಾಂಧೀಜಿಯವರ ಮಾತೆನ್ನಲು ಅವರ ಬರಹಗಳಲ್ಲಿ ಆಧಾರ ಸಿಕ್ಕಿಲ್ಲ. ಹೆಚ್ಚುಕಡಿಮೆ ಅದೇ ಮಾತು 1941ರಲ್ಲಿ ಅಮೆರಿಕದ ಸ್ಟುಡಿಬೇಕರ್ ಮೋಟಾರು ಕಂಪೆನಿಯ ಮಾರಾಟ ವಿಭಾಗದ ಮುಖ್ಯಸ್ಥರ ಹೆಸರಿನಲ್ಲಿ ಅಚ್ಚಾಗಿತ್ತು. ಮೋಟಾರು ಮಾರುವವರ ಮಾತು ಮಹಾತ್ಮರ ಬಾಯಿಗೆ ಬಂದು, ಚೌಕಟ್ಟು ಹಾಕಿಸಿಕೊಂಡು, ಅದರ ಕೆಳಗೇ ‘ಊಟದ ಸಮಯ’ ಎಂಬ ಹಲಗೆಯನ್ನು ಸಹಿಸಿಕೊಂಡಿದೆ.

ಎರಡಾಣೆಯ ಬ್ಯಾಂಕು

ಫಲಕದ ಹಂಗಿಲ್ಲದೆ ಸೇವೆಯ ಗುಣಮಟ್ಟ ಹೇಗೆ ಬೆಳೆಯಿತೆಂಬುದಕ್ಕೆ ಕರ್ನಾಟಕದ ಕರಾವಳಿಯಲ್ಲೇ ಒಂದು ದೊಡ್ಡ ಉದಾಹರಣೆಯಿದೆ. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಹಾಗೂ ಡಾ. ಟಿ.ಎಂ.ಎ. ಪೈ ಅವರು ಉಡುಪಿಯಲ್ಲಿ 8,000 ರೂಪಾಯಿಗಳ ಬಂಡವಾಳದೊಂದಿಗೆ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಆರಂಭಿಸಿದರು. ಕೈಮಗ್ಗದ ಉದ್ಯಮ ಕುಸಿದು ನೇಕಾರರು ಕಂಗೆಟ್ಟಿದ್ದ ಕಾಲವದು. 1928ರಲ್ಲಿ ಬ್ಯಾಂಕು ಪಿಗ್ಮಿ ಠೇವಣಿ ಯೋಜನೆಯನ್ನು ತಂದಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನು ಬ್ಯಾಂಕಿನ ಪ್ರತಿನಿಧಿಯೇ ಮನೆ, ಅಂಗಡಿಗಳಿಗೆ ಬಂದು ಸಂಗ್ರಹಿಸುವ ಏರ್ಪಾಡು ಇದಾಗಿತ್ತು.

ಈ ಯೋಜನೆಯ ಗುಣಮಟ್ಟವೆಲ್ಲ ಒಬ್ಬ ಮನುಷ್ಯನ ನಡಿಗೆಯಲ್ಲಿತ್ತು. ಮೀನು ಮಾರುವ ಹೆಂಗಸು, ಬೀಡಿ ಕಟ್ಟುವವರು, ಗೂಡಂಗಡಿಯವರು ಬ್ಯಾಂಕಿನ ಮೆಟ್ಟಿಲು ಹತ್ತಲು ಅಳುಕುತ್ತಿದ್ದ ದಿನಗಳಲ್ಲಿ ಮೆಟ್ಟಿಲೇ ಅವರ ಬಳಿಗೆ ಬಂದಿತು. ಪಿಗ್ಮಿಯವರು ದಿನವೂ ನಿಗದಿತ ಹೊತ್ತಿಗೆ ಬರಬೇಕು. ವ್ಯಾಪಾರ ಮುಗಿದು ಕೈಯಲ್ಲಿ ಕಾಸು ಇರುವ ಹೊತ್ತು, ಆ ಕಾಸು ಬೇರೆಡೆ ಹರಿದುಹೋಗುವ ಮುನ್ನಿನ ಹೊತ್ತು ಯಾವುದೆಂದು ಪ್ರತಿಯೊಬ್ಬ ಗಿರಾಕಿಯ ವಿಷಯದಲ್ಲೂ ಅವರಿಗೆ ತಿಳಿದಿರಬೇಕು. ಪಡೆದ ಹಣವನ್ನು ಕಣ್ಣೆದುರೇ ಪುಸ್ತಕದಲ್ಲಿ ಬರೆಯಬೇಕು. ಓದು ಬಾರದವರು ಆ ಬರವಣಿಗೆಯನ್ನು ನಂಬಬೇಕು. ಮಳೆಗಾಲದ ಕರಾವಳಿಯಲ್ಲಿ ಕೊಡೆ ಹಿಡಿದು ಒಂದು ದಿನ ತಪ್ಪಿಸದೆ ಬರುವುದೇ ಆ ನಂಬಿಕೆಯ ಆಧಾರ. ಸರ್ವ್‌ಕ್ವಾಲ್ ಪ್ರಶ್ನಾವಳಿ ಹುಟ್ಟುವುದಕ್ಕೆ 60 ವರ್ಷ ಮೊದಲೇ ನಂಬಿಕೆ, ಸ್ಪಂದನೆ, ಕಾಳಜಿಗಳೆಲ್ಲ ಒಂದು ಕೈಚೀಲದಲ್ಲಿ ಮನೆಮನೆ ಸುತ್ತುತ್ತಿದ್ದವು. ಕುಟುಂಬದ ಕಷ್ಟಸುಖ ಪಿಗ್ಮಿಯವರಿಗೆ ಗೊತ್ತಿರುತ್ತಿತ್ತು, ಯಾರು ಸಾಲ ತೀರಿಸಬಲ್ಲರು ಎಂಬುದೂ ಗೊತ್ತಿರುತ್ತಿತ್ತು.

ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರು ಪಡೆದ ಆ ಸಂಸ್ಥೆ 1969ರಲ್ಲಿ ರಾಷ್ಟ್ರೀಕರಣಗೊಂಡಿತು. ಇತರ ಬ್ಯಾಂಕುಗಳೂ ಇಂತಹ ಯೋಜನೆಗಳನ್ನು ಕೈಗೊಂಡವು. ಆದರೆ ಬ್ಯಾಂಕಿನ ಮುಖವಾಗಿದ್ದ ಈ ಸಂಗ್ರಾಹಕರನ್ನು ಬ್ಯಾಂಕುಗಳು ತಮ್ಮ ನೌಕರರೆಂದು ಒಪ್ಪಿಕೊಂಡಿರಲಿಲ್ಲ. ಅವರಿಗೆ ದೊರೆಯುತ್ತಿದ್ದುದು ಸಂಗ್ರಹದ ಮೇಲಿನ ಕಮಿಷನ್. ಅವರು ಸ್ವತಂತ್ರ ಏಜೆಂಟರು, ಒಪ್ಪಂದದ ಮೇಲೆ ದುಡಿಯುವವರು ಎಂಬುದು ಬ್ಯಾಂಕುಗಳ ವಾದವಾಗಿತ್ತು. ವಿವಾದ ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿಗೆ ಹೋಯಿತು. 1988ರಲ್ಲಿ ಮಂಡಳಿ ಸಂಗ್ರಾಹಕರ ಪರವಾಗಿ ತೀರ್ಪಿತ್ತಿತು. ಬ್ಯಾಂಕುಗಳ ಒಕ್ಕೂಟ ಮೇಲಿನ ನ್ಯಾಯಾಲಯಗಳ ಮೆಟ್ಟಿಲೇರಿತು. ಕೊನೆಗೆ 2001ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಸಂಗ್ರಾಹಕರು ಬ್ಯಾಂಕಿನ ಕೆಲಸಗಾರರೇ, ಅವರು ಪಡೆಯುವ ಕಮಿಷನ್ ವೇತನವೇ ಎಂದು ಎತ್ತಿಹಿಡಿಯಿತು. ಯೋಜನೆ ಆರಂಭವಾಗಿ ಆ ಹೊತ್ತಿಗೆ 73 ವರ್ಷ ಕಳೆದಿತ್ತು.

ಪಿಗ್ಮಿಯವರ ಕಥೆ ಬದ್ಧತೆಯ ಬಗೆಗಿನ ಹಲವು ಸಿದ್ಧಾಂತಗಳನ್ನು ತೊಡಕಿಗೆ ಸಿಕ್ಕಿಸುತ್ತದೆ. ಕೆಲಸದ ಭದ್ರತೆಯಿಲ್ಲದೆಯೂ ಉತ್ಕೃಷ್ಟ ಸೇವೆ ಸಾಧ್ಯವೆಂದು ಅದನ್ನು ಓದಿಕೊಳ್ಳುವವರಿದ್ದಾರೆ. ಈ ಓದು ಸರಿಯಲ್ಲ. ಪಿಗ್ಮಿಯವರ ನಿಷ್ಠೆ ಬಹುಪಾಲು ತಮ್ಮ ಬೀದಿಯ ಜನರ ಕಡೆಗೆ ಇತ್ತು, ಅದರ ಲಾಭ ಬ್ಯಾಂಕಿಗೆ ಸಂದಿತು. ದಿನವೂ ಕಣ್ಣಿಗೆ ಬೀಳುವವರಿಗೆ ಮೋಸ ಮಾಡುವುದು ಕಷ್ಟ. ಪರಿಚಯ ಮತ್ತು ಊರಿನ ಮರ್ಯಾದೆ ತಪಾಸಣಾಧಿಕಾರಿಯ ಕೆಲಸ ಮಾಡುತ್ತಿದ್ದವು. ಆ ಬಂಡವಾಳವನ್ನು ಬ್ಯಾಂಕು ಸೃಷ್ಟಿಸಿರಲಿಲ್ಲ, ಬಳಸಿಕೊಂಡಿತ್ತು. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ರಾಜ್ಯದ ಪತ್ತಿನ ಸಹಕಾರಿ ಸಂಘಗಳ ಪಿಗ್ಮಿ ಸಂಗ್ರಾಹಕರು ಕೈಯಲ್ಲಿ ಪುಟ್ಟ ಯಂತ್ರ ಹಿಡಿದು ಪೇಟೆ ಬೀದಿಗಳಲ್ಲಿ ಇಂದಿಗೂ ಕಾಣಸಿಗುತ್ತಾರೆ.

ಅಡುಗೆಮನೆಯ ಬಾಗಿಲು

ಹೋಟೆಲು ಉದ್ಯಮದ ಎರಡು ನಿದರ್ಶನಗಳು ಬೇರೆ ದಿಕ್ಕಿನಿಂದ ಬೆಳಕು ಚೆಲ್ಲುತ್ತವೆ. 1924ರಲ್ಲಿ ಬೆಂಗಳೂರಿನಲ್ಲಿ ಪರಂಪಳ್ಳಿಯ ಮಯ್ಯ ಸಹೋದರರು ಆರಂಭಿಸಿದ ಬ್ರಾಹ್ಮಿನ್ ಕಾಫಿ ಕ್ಲಬ್ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಗಿ, ಎಂಟಿಆರ್ ಎಂದೇ ಮನೆಮಾತಾಯಿತು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಉಪಾಹಾರಗೃಹಗಳ ಶುಚಿತ್ವವನ್ನು ಕಂಡು ಬಂದರು. ಹಿಂದಿರುಗಿದ ಮೇಲೆ ಪಾತ್ರೆಗಳನ್ನು ಬಿಸಿ ಹಬೆಯಲ್ಲಿ ಶುದ್ಧಗೊಳಿಸುವ ಪದ್ಧತಿಯನ್ನು ತಂದರು, ಅಡುಗೆಮನೆಯನ್ನು ಗಿರಾಕಿಗಳು ನೋಡಲು ತೆರೆದಿಟ್ಟರು. ಅಡುಗೆಯವರ ಶುಚಿತ್ವ ತಿನ್ನುವವರ ಕಣ್ಣೆದುರು ಬಂದೊಡನೆ ಅದು ಮಾಲೀಕರ ಆಜ್ಞೆಯಾಗಿ ಉಳಿಯದೆ ಕೆಲಸಗಾರರ ಹೆಮ್ಮೆಯಾಗುವ ಅವಕಾಶವಾಯಿತು.

1975ರ ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲುಗಳ ತಿಂಡಿಗೆ ಸರ್ಕಾರ ಅತಿ ಕಡಿಮೆ ದರ ನಿಗದಿಪಡಿಸಿದಾಗ ಆ ಬೆಲೆಗೆ ಹಿಂದಿನ ಗುಣಮಟ್ಟ ಕಾಯ್ದುಕೊಳ್ಳುವುದು ಎಂಟಿಆರ್‌ಗೆ ಕಷ್ಟವಾಯಿತು. ಸಂಸ್ಥೆಯು ಸಿದ್ಧ ಹಿಟ್ಟುಗಳ ಉದ್ಯಮಕ್ಕೆ ಕಾಲಿಡಲು ಇದೇ ಪ್ರೇರಣೆಯಾಯಿತು. ತುಪ್ಪಕ್ಕೆ ದುಡ್ಡಿಲ್ಲದ ಅಡುಗೆಮನೆಯಲ್ಲಿ ಅಡುಗೆಯವರ ಬದ್ಧತೆಯನ್ನು ಪ್ರಶ್ನಿಸಿ ಫಲವಿಲ್ಲ.

ಇನ್ನೊಂದು ನಿದರ್ಶನ ಕಾಫಿ ಹೌಸಿನದು. 1950ರ ದಶಕದ ನಡುವಿನಲ್ಲಿ ಕಾಫಿ ಮಂಡಳಿಯು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಕೆಲಸ ಕಳೆದುಕೊಂಡವರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ ತಾವೇ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಮೊದಲನೆಯದು 1957ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಪೇಟ ತೊಟ್ಟು, ನಡುಪಟ್ಟಿ ಕಟ್ಟಿ ಕಾಫಿ ತರುವವರೇ ಸಂಸ್ಥೆಯ ಒಡೆಯರಾದರು. 2009ರಲ್ಲಿ ಮಹಾತ್ಮ ಗಾಂಧಿ ರಸ್ತೆಯ ಹಳೆಯ ಜಾಗವನ್ನು ತೆರವು ಮಾಡಬೇಕಾಗಿ ಬಂದಾಗ ಬೆಂಗಳೂರಿನ ಕಾಫಿ ಹೌಸ್ ಚರ್ಚ್ ಸ್ಟ್ರೀಟಿಗೆ ಸ್ಥಳಾಂತರಗೊಂಡಿತು. ಒಡೆತನದಿಂದ ಸೇವೆ ಚುರುಕಾಗುತ್ತದೆಂದು ಹೇಳಲು ಬಾರದು. ಕಾಫಿ ಹೌಸುಗಳ ನಿಧಾನಗತಿಯೂ ಪ್ರಸಿದ್ಧವೇ. ಆದರೆ ಅಲ್ಲಿ ಒಂದು ಕಾಫಿ ಹೇಳಿ ಎರಡು ತಾಸು ಕುಳಿತವರನ್ನು ಎಬ್ಬಿಸುವ ಅವಸರ ಕಾಣದು. ಆ ತಾಳ್ಮೆಯನ್ನೂ ಗುಣಮಟ್ಟವೆಂದೇ ಎಣಿಸುವ ಗಿರಾಕಿಗಳು ಅದಕ್ಕಿದ್ದಾರೆ.

ಅಧಿಕಾರ ಯಾರ ಕೈಯಲ್ಲಿ?

1981ರಲ್ಲಿ ಸ್ಕ್ಯಾಂಡಿನೇವಿಯನ್ ವಿಮಾನಯಾನ ಸಂಸ್ಥೆಯ ಮುಖ್ಯಸ್ಥರಾದ ಯಾನ್ ಕಾರ್ಲ್‌ಜಾನ್ ಅವರ ಲೆಕ್ಕಾಚಾರ ಸೇವಾ ನಿರ್ವಹಣೆಯ ಇತಿಹಾಸದಲ್ಲಿ ಹೆಸರಾಗಿದೆ. ವರ್ಷಕ್ಕೆ ಸುಮಾರು 1 ಕೋಟಿ ಪ್ರಯಾಣಿಕರು, ಪ್ರತಿಯೊಬ್ಬರೂ ಸುಮಾರು ಐವರು ನೌಕರರನ್ನು ಸರಾಸರಿ 15 ಸೆಕೆಂಡುಗಳಷ್ಟು ಕಾಲ ಎದುರಾಗುತ್ತಾರೆ. ಅಂದರೆ ಸಂಸ್ಥೆಯು ವರ್ಷದಲ್ಲಿ 5 ಕೋಟಿ ಬಾರಿ, ಒಂದೊಂದು ಸಲ 15 ಸೆಕೆಂಡು, ಪ್ರಯಾಣಿಕರ ಮನಸ್ಸಿನಲ್ಲಿ ಹುಟ್ಟುತ್ತದೆ. ಅಷ್ಟರೊಳಗೆ ಮೇಲಧಿಕಾರಿಯನ್ನು ಕೇಳಿಬರುವುದು ಅಸಾಧ್ಯ. ಆದುದರಿಂದ ತೀರ್ಮಾನದ ಅಧಿಕಾರವನ್ನು ಎದುರಿಗೆ ನಿಂತ ನೌಕರರಿಗೇ ಕೊಡಬೇಕೆಂಬುದು ಅವರ ನಿಲುವಾಗಿತ್ತು. ಗುಣಮಟ್ಟಕ್ಕಾಗಿ ಅಮೆರಿಕದ ಬಾಲ್ಡ್ರಿಜ್ ಪ್ರಶಸ್ತಿಯನ್ನು 1992 ಮತ್ತು 1999ರಲ್ಲಿ ಪಡೆದ ರಿಟ್ಜ್ ಕಾರ್ಲ್‌ಟನ್ ಹೋಟೆಲು ಸಮೂಹವು ಅತಿಥಿಯ ತೊಂದರೆ ಪರಿಹರಿಸಲು 2,000 ಡಾಲರುಗಳವರೆಗೆ ಖರ್ಚು ಮಾಡುವ ಅಧಿಕಾರವನ್ನು ತನ್ನ ಸಾಮಾನ್ಯ ನೌಕರರಿಗೂ ಕೊಟ್ಟಿದ್ದು ಇದೇ ತರ್ಕದ ಮುಂದುವರಿಕೆ.

2008ರ ನವೆಂಬರ್ 26ರಂದು ಮುಂಬೈನ ತಾಜ್ ಹೋಟೆಲಿನ ಮೇಲೆ ದಾಳಿ ನಡೆದಾಗ ನೌಕರರು ಹಿಂಬಾಗಿಲಿನ ದಾರಿ ತಿಳಿದಿದ್ದೂ ಓಡಿಹೋಗದೆ ಅತಿಥಿಗಳನ್ನು ಪಾರುಮಾಡಿದರು. ಅವರಲ್ಲಿ 11 ಮಂದಿ ಪ್ರಾಣ ತೆತ್ತರು. ರೋಹಿತ್ ದೇಶಪಾಂಡೆ ಮತ್ತು ಅಂಜಲಿ ರೈನಾ ಅವರು 2011ರಲ್ಲಿ ಪ್ರಕಟಿಸಿದ ಅಧ್ಯಯನವು ಇದರ ಬೇರನ್ನು ಸಂಸ್ಥೆಯ ನೇಮಕಾತಿ, ತರಬೇತಿ ಪದ್ಧತಿಗಳಲ್ಲಿ ಹುಡುಕಿತು. ಸಣ್ಣ ಊರುಗಳಿಂದ ಅಂಕಕ್ಕಿಂತ ನಡತೆ ನೋಡಿ ಆಯ್ಕೆ, 12 ತಿಂಗಳ ಬದಲು 18 ತಿಂಗಳ ತರಬೇತಿ, ಅತಿಥಿಯ ಹಿತವನ್ನು ಸಂಸ್ಥೆಯ ಹಿತಕ್ಕಿಂತ ಮುಂದಿಡಲು ಸ್ಪಷ್ಟ ಸೂಚನೆ ಇವು ಅದು ಗುರುತಿಸಿದ ಅಂಶಗಳು. ಇಂತಹ ತ್ಯಾಗವನ್ನು ಗೌರವಿಸಬೇಕು. ಗುಣಮಟ್ಟದ ಅಳತೆಗೋಲನ್ನಾಗಿ ಮಾಡಿಕೊಳ್ಳಬಾರದು. ಸಾಮಾನ್ಯ ಸೋಮವಾರದ ಬೆಳಿಗ್ಗೆ ಸೇವೆ ಹೇಗಿದೆ ಎಂಬುದೇ ಸಂಸ್ಥೆಯ ನಿಜವಾದ ಪರೀಕ್ಷೆ.

ಹಾಗೆಂದು ಕೆಳಹಂತದ ನೌಕರರಿಗೆ ಅಧಿಕಾರ ಕೊಟ್ಟಲ್ಲೆಲ್ಲ ಗುಣಮಟ್ಟ ಹೆಚ್ಚುತ್ತದೆಯೇ? ಕರ್ನಾಟಕದ ಕಂದಾಯ ಇಲಾಖೆಯ ಅನುಭವ ಇದಕ್ಕೆ ತದ್ವಿರುದ್ಧವಾದ ಉತ್ತರ ಕೊಡುತ್ತದೆ. ಪಹಣಿಗಾಗಿ ರೈತರು ಗ್ರಾಮ ಲೆಕ್ಕಿಗರ ಬೆನ್ನು ಹತ್ತಬೇಕಿದ್ದ ಕಾಲದಲ್ಲಿ ದಾಖಲೆ, ಬರವಣಿಗೆ, ವಿಳಂಬ ಎಲ್ಲವೂ ಒಬ್ಬರ ಕೈಯಲ್ಲಿತ್ತು. ಆ ಅಧಿಕಾರಕ್ಕೆ ಬೆಲೆಯೂ ಹುಟ್ಟಿಕೊಂಡಿತ್ತು. 2000ದ ಹೊತ್ತಿಗೆ ಜಾರಿಗೆ ಬಂದ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿತು. ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿ ಶುಲ್ಕಕ್ಕೆ ಪಹಣಿ ಕೈಗೆ ಬರುವಂತಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವಂತೆ ಯಂತ್ರವೇ ಕಟ್ಟಿಹಾಕಿತು. ಇಲ್ಲಿ ಗುಣಮಟ್ಟ ಸುಧಾರಿಸಿದ್ದು ನೌಕರರ ಮನಃಪರಿವರ್ತನೆಯಿಂದಲ್ಲ, ಅವರ ವಿವೇಚನೆಯ ಕತ್ತರಿಸುವಿಕೆಯಿಂದ.

ವಿಮಾನಯಾನ ಸಂಸ್ಥೆಯ ಪಾಠಕ್ಕೂ ಭೂಮಿಯ ಪಾಠಕ್ಕೂ ಮೇಲ್ನೋಟಕ್ಕೆ ಹೊಂದಾಣಿಕೆಯಿಲ್ಲ. ವಿಮಾನದ ಪ್ರಯಾಣಿಕರಿಗೆ ಬೇರೆ ವಿಮಾನವಿದೆ, ಪಹಣಿಗೆ ಬೇರೆ ಕಚೇರಿಯಿಲ್ಲ. ಗ್ರಾಹಕರು ಬಿಟ್ಟುಹೋಗಲಾಗದ ಕಡೆ ನೌಕರರ ವಿವೇಚನೆ ಸುಲಭವಾಗಿ ಬಾಡಿಗೆಯ ವಸ್ತುವಾಗುತ್ತದೆ. ಆದ್ದರಿಂದ ದಿನನಿತ್ಯದ, ಒಂದೇ ತೆರನ ಕೆಲಸವನ್ನು ಅಲ್ಲಿ ಯಂತ್ರಕ್ಕೆ ಒಪ್ಪಿಸುವುದೇ ಲೇಸು. ಆದರೆ ಜಂಟಿ ಖಾತೆಯ ಜಗಳ, ತಪ್ಪಾಗಿ ನಮೂದಾದ ಹೆಸರು, ವಿಧವೆಯ ಹಕ್ಕಿನಂಥ ಪ್ರಶ್ನೆಗಳಲ್ಲಿ ಯಂತ್ರ ಮೌನವಾಗುತ್ತದೆ. ಅಲ್ಲಿ ಮತ್ತೆ ಮನುಷ್ಯರೇ ಬೇಕು.

2011ರ ಕರ್ನಾಟಕ ನಾಗರಿಕ ಸೇವೆಗಳ ಖಾತರಿ ಕಾಯಿದೆಯು ‘ಸಕಾಲ’ ಎಂಬ ಹೆಸರಿನಲ್ಲಿ 2012ರಿಂದ ಜಾರಿಗೆ ಬಂದು ದಂಡದ ದಾರಿ ಹಿಡಿಯಿತು. ನಿಗದಿತ ದಿನಗಳೊಳಗೆ ಸೇವೆ ನೀಡದಿದ್ದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿಗಳವರೆಗೆ ಪರಿಹಾರ ಸಲ್ಲಬೇಕು. ಮೊತ್ತ ಸಣ್ಣದು. ಗಡುವೊಂದಿದೆ, ಅದನ್ನು ಕೇಳುವ ಹಕ್ಕಿದೆ ಎಂಬ ಅರಿವೇ ಅದರ ದೊಡ್ಡ ಕೊಡುಗೆ. ಆದರೆ ಇಂತಹ ಪ್ರತಿಯೊಂದು ಏರ್ಪಾಡಿಗೂ ಒಂದು ಕಳ್ಳದಾರಿ ಇರುತ್ತದೆ: ಗಡಿಯಾರ ಓಡಬಾರದೆಂದರೆ ಅರ್ಜಿಯನ್ನು ನೋಂದಾಯಿಸದಿದ್ದರಾಯಿತು. ‘ನಾಳೆ ಬನ್ನಿ’ ಎಂಬ ಮಾತಿಗೆ ಸ್ವೀಕೃತಿ ಸಂಖ್ಯೆಯಿಲ್ಲ. ಅಮೆರಿಕದ ರಾಜ್ಯಶಾಸ್ತ್ರಜ್ಞ ಮೈಕೇಲ್ ಲಿಪ್ಸ್ಕಿ 1980ರಲ್ಲೇ ಬೀದಿಮಟ್ಟದ ಅಧಿಕಾರಶಾಹಿಯ ಕುರಿತ ಗ್ರಂಥದಲ್ಲಿ ಈ ಪ್ರವೃತ್ತಿಯನ್ನು ವಿವರಿಸಿದ್ದರು. ಕೆಲಸ ಬೆಟ್ಟದಷ್ಟು, ಕೈಗಳು ನಾಲ್ಕೇ ಆದಾಗ ನೌಕರರು ಕಾಯಿಸುವುದು, ಅಲೆಸುವುದು, ಸುಲಭದ ಪ್ರಕರಣಗಳನ್ನಷ್ಟೇ ಆರಿಸಿಕೊಳ್ಳುವುದರ ಮೂಲಕ ಬೇಡಿಕೆಯನ್ನು ತಾವೇ ತಗ್ಗಿಸಿಕೊಳ್ಳುತ್ತಾರೆ. ಹೀಗೆ ಮಾಡುವವರೆಲ್ಲ ದುಷ್ಟರೇನಲ್ಲ. ಎಷ್ಟೋ ಮಂದಿ ಉತ್ಸಾಹದಿಂದಲೇ ಸೇವೆಗೆ ಸೇರಿದವರು.

ಸಂಬಳದ ಪಟ್ಟಿಯ ಹೊರಗೆ

ಪಿಗ್ಮಿ ಸಂಗ್ರಾಹಕರ ಪ್ರಶ್ನೆ 2001ರಲ್ಲಿ ನ್ಯಾಯಾಲಯದಲ್ಲಿ ಮುಗಿದರೂ ಸೇವಾ ವಲಯದಲ್ಲಿ ಮುಗಿಯಲಿಲ್ಲ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಬಂದ ಆಶಾ ಕಾರ್ಯಕರ್ತೆಯರು ಹಳ್ಳಿಗಳಲ್ಲಿ ಸರ್ಕಾರಿ ಆರೋಗ್ಯ ಸೇವೆಯ ಮೊದಲ ಮುಖ. ಬಸುರಿಯನ್ನು ಹೆರಿಗೆಗೆ ಕರೆದೊಯ್ಯುವುದು, ಮಗುವಿನ ಲಸಿಕೆಯ ದಿನ ನೆನಪಿಸುವುದು, ಕ್ಷಯರೋಗಿಯ ಮಾತ್ರೆ ತಪ್ಪದಂತೆ ನೋಡುವುದು ಅವರ ಕೆಲಸ. ಕಾಗದದ ಮೇಲೆ ಅವರು ಸ್ವಯಂಸೇವಕಿಯರು, ಪಡೆಯುವುದು ವೇತನವಲ್ಲ, ಗೌರವಧನ ಮತ್ತು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಕೊರೊನಾ ಕಾಲದಲ್ಲಿ ಮನೆಮನೆ ಸಮೀಕ್ಷೆಗೆ ಹೋದವರು ಅವರೇ. ಅದೇ 2020ರ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿಗಳ ನಿಶ್ಚಿತ ಗೌರವಧನ ಕೇಳಿ ಕೆಲಸ ಸ್ಥಗಿತಗೊಳಿಸಿದರು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮತ್ತೆ ಧರಣಿ ಕುಳಿತಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರಿಂದ ಕನಿಷ್ಠ 10,000 ರೂಪಾಯಿಗಳ ಭರವಸೆ ದೊರೆಯಿತು. ಪಿಗ್ಮಿಯವರಂತೆ ಇವರ ನಿಷ್ಠೆಯೂ ನೆರೆಹೊರೆಯ ಕಡೆಗಿನದು. ನೆರೆಮನೆಯ ಮಗಳ ಹೆರಿಗೆಯನ್ನು ಮುಷ್ಕರದ ನೆಪದಲ್ಲಿ ಬಿಟ್ಟುಬರಲು ಯಾರಿಗೂ ಮನಸ್ಸಾಗದು. ಈ ಮನಸ್ಸಾಗದಿರುವಿಕೆಯ ಮೇಲೆಯೇ ವ್ಯವಸ್ಥೆ ಭಾರ ಹಾಕಿ ಕುಳಿತಿದೆ.

ನಗರಗಳಲ್ಲಿ ಊಟ, ದಿನಸಿ ತಲುಪಿಸುವ ಹಾಗೂ ಬಾಡಿಗೆ ವಾಹನ ಓಡಿಸುವ ಆ್ಯಪ್ ಆಧಾರಿತ ಕಂಪೆನಿಗಳು ಬದ್ಧತೆಯ ಪ್ರಶ್ನೆಯನ್ನೇ ಬದಿಗಿಟ್ಟು ಗ್ರಾಹಕರ ಕೈಗೆ ಐದು ನಕ್ಷತ್ರಗಳನ್ನು ಕೊಟ್ಟಿವೆ. ತಪಾಸಣಾಧಿಕಾರಿಯ ಕೆಲಸ ಈಗ ಗ್ರಾಹಕರದೇ. ಊಟ ತಡವಾದದ್ದು ಹೋಟೆಲಿನ ಅಡುಗೆಮನೆಯಲ್ಲಿ ಅಥವಾ ಸಿಲ್ಕ್ ಬೋರ್ಡಿನ ವಾಹನಗಳ ಸಾಲಿನಲ್ಲಿ. ನಕ್ಷತ್ರ ಕಡಿಮೆಯಾಗುವುದು ಬಾಗಿಲಿಗೆ ತಂದುಕೊಟ್ಟವರಿಗೆ. ವ್ಯವಸ್ಥೆಯ ದೋಷವನ್ನು ಕೊನೆಯ ಕೈಗೆ ಕಟ್ಟುವ ಈ ಪದ್ಧತಿ ಡೆಮಿಂಗ್ ಅವರು ವಿರೋಧಿಸಿದ್ದರ ಪರಿಪೂರ್ಣ ರೂಪ. ಅಂಕ ಕುಸಿದವರ ಖಾತೆ ಕಾರಣ ತಿಳಿಸದೆ ಸ್ಥಗಿತವಾಗುತ್ತದೆಂಬುದು ಈ ಕೆಲಸಗಾರರ ಬಹುಕಾಲದ ದೂರು.

ಇಂತಹ ಕೆಲಸಗಾರರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕ 2025ರಲ್ಲಿ ಮೊದಲು ಸುಗ್ರೀವಾಜ್ಞೆಯನ್ನೂ ಅನಂತರ ಕಾಯಿದೆಯನ್ನೂ ತಂದಿತು. ಕೆಲಸಗಾರರಿಗೆ ನೀಡುವ ಪ್ರತಿ ಪಾವತಿಯ ಮೇಲೆ ಕಂಪೆನಿಗಳು ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕೆಂಬುದು ಅದರ ಹೆಚ್ಚು ಚರ್ಚಿತವಾದ ಭಾಗ. ಸೇವೆಯ ಗುಣಮಟ್ಟದ ದೃಷ್ಟಿಯಿಂದ ಅಷ್ಟೇ ಮುಖ್ಯವಾದ ಮತ್ತೊಂದು ಅಂಶ ಅದರಲ್ಲಿದೆ: ಕೆಲಸಗಾರರನ್ನು ಕೈಬಿಡುವ ಮುನ್ನ ಕಾರಣವನ್ನು ಲಿಖಿತವಾಗಿ ತಿಳಿಸಿ 14 ದಿನಗಳ ಸೂಚನೆ ಕೊಡಬೇಕು. ನಕ್ಷತ್ರ ಕಳೆದುಕೊಂಡವರು ತಮ್ಮ ಕಡೆಯ ಮಾತನ್ನು ಹೇಳಲು ಅಷ್ಟು ದಿನ ಸಿಕ್ಕಂತಾಯಿತು.